ಬೆನ್ನು ತಿರುಗಿಸಿ ಹಾಕಿದ ಪಾಲು

ಆ ದಿನ ಬೆಳಗಿನಿಂದಲೇ ಮೂಡಗಾಳಿ ಎದ್ದಿತ್ತು. ತೋಳನಹಾಳದ ಬಯಲಿನಲ್ಲಿ ಆ ಗಾಳಿಗೆ ತಡೆಯೆಂಬುದಿಲ್ಲ. ಕುರಿ ಮೇಯುವ ಕಾವಲಿನ ಒಣಹುಲ್ಲನ್ನು ಒಂದೇ ದಿಕ್ಕಿಗೆ ಬಾಚಿ, ಕುರಿಗಳ ಬೆನ್ನಿನ ಉಣ್ಣೆಯನ್ನು ಬಿಡಿಸಿ ನೋಡಿ, ಊರೊಳಗೆ ನುಗ್ಗಿ, ಬೀರಪ್ಪನ ಗುಡಿಯ ಮುಂದಿನ ಬೂದಿಯನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ಬಿಸಿಲು ಹೊಳೆಯುತ್ತಿತ್ತೇ ಹೊರತು ಕಾಯುತ್ತಿರಲಿಲ್ಲ. ಇಂಥ ಗಾಳಿಯಲ್ಲಿ ದೇವರಾಡಿದ ಮಾತು ಮನುಷ್ಯರ ಕಿವಿಗೆ ಬೀಳುವುದಿಲ್ಲ ಎಂದು ಆ ಊರಿನ ಹಿರಿಯರು ಹೇಳುತ್ತಾರೆ. ಆದರೂ ಊರು ಅದೇ ದಿನ ಗುಡಿಯ ಮುಂದೆ ಸೇರಿತು. ಚುನಾವಣೆ ಹತ್ತಿರ ಬಂದಿತ್ತು. ಮತಗಳ ಪಾಲು ಹಾಕಬೇಕಾಗಿತ್ತು.

ಪಾಲು ಹಾಕುವುದೇನೂ ಆ ಕುರುಬರ ಊರಿಗೆ ಹೊಸದಲ್ಲ. ದೇವರಿಗೆ ಟಗರು ಕೊಟ್ಟ ದಿನ ಬಾಡನ್ನು ಗುಡ್ಡೆಗುಡ್ಡೆಯಾಗಿ ಇಡುತ್ತಾರೆ. ಎಷ್ಟು ಸಮ ಮಾಡಿದರೂ ಒಂದರಲ್ಲಿ ಎಲುಬು ಹೆಚ್ಚು, ಇನ್ನೊಂದರಲ್ಲಿ ಕೊಬ್ಬು ಹೆಚ್ಚು. ಅದಕ್ಕೇ ಒಬ್ಬರು ಗುಡ್ಡೆಗಳಿಗೆ ಬೆನ್ನು ತಿರುಗಿಸಿ ಕೂರುತ್ತಾರೆ. ಪೂಜಾರಿ ಒಂದು ಗುಡ್ಡೆಗೆ ಕೋಲು ತೋರಿಸಿ "ಇದು ಯಾರಿಗೆ?" ಎಂದು ಕೇಳುತ್ತಾನೆ. ಕೂತವರು ಒಂದು ಮನೆಯ ಹೆಸರು ಹೇಳುತ್ತಾರೆ. ಕಾಣದ ಕಣ್ಣು ಕೊಟ್ಟದ್ದರ ಮೇಲೆ ಯಾರೂ ಜಗಳ ತೆಗೆಯುವಂತಿಲ್ಲ. ಅದು ಬೀರಪ್ಪನೇ ಕೊಟ್ಟದ್ದು.

ಹಾಗೆ ಬೆನ್ನು ತಿರುಗಿಸಿ ಕೂರುವವಳು ಹಾಲವ್ವ. ಮೊದಲು ಅವಳ ಅತ್ತೆ ಕೂರುತ್ತಿದ್ದಳು. ಅತ್ತೆ ಕಣ್ಣು ಮುಚ್ಚಿದ ಮೇಲೆ ಊರು ಸೊಸೆಯನ್ನು ಕರೆಯಿತು. ಈಗ ಹಾಲವ್ವನಿಗೂ ತಲೆ ನೆರೆತಿದೆ, ಗಂಡ ತೀರಿಕೊಂಡಿದ್ದಾನೆ, ಮಗ ಸಿದ್ಧಪ್ಪ ಕಾವಲಿನಲ್ಲಿ ಕುರಿ ಮೇಯಿಸುತ್ತಾನೆ. ಯಾವ ಮನೆಯ ಹೆಸರನ್ನೂ ಹೆಚ್ಚು ಪ್ರೀತಿಯಿಂದಲೋ ಕಡಿಮೆ ಪ್ರೀತಿಯಿಂದಲೋ ಅವಳು ಕರೆದದ್ದಿಲ್ಲ. ಊರು ಅವಳಲ್ಲಿ ನಂಬಿದ್ದು ಅದನ್ನೇ.

ಅಂದು ಗುಡಿಯ ಮುಂದೆ ಬಾಡಿನ ಗುಡ್ಡೆ ಇರಲಿಲ್ಲ. ಮೂರು ಹಿಡಿ ಉಣ್ಣೆ ಇತ್ತು: ಕರಿಯದು, ಬಿಳಿಯದು, ಕೆಂಚಿನದು. ಕರಿಯದು ನೊಗದ ಪಕ್ಷ, ಬಿಳಿಯದು ಬೀಸುಕಲ್ಲಿನ ಪಕ್ಷ, ಕೆಂಚು ಗಿಳಿಯ ಪಕ್ಷ.

ಉಣ್ಣೆಯನ್ನು ಯಾಕೆ ಹೀಗೆ ಮೂರು ಮಾಡಿದರೆಂಬುದನ್ನು ಹೇಳಬೇಕು. ಆ ಕಾಲಕ್ಕೆ ಮತ ಹಾಕುವುದು ಬೆರಳಿನ ಕೆಲಸವಾಗಿ ಉಳಿದಿರಲಿಲ್ಲ. ದುಡ್ಡಿಗೆ, ಸೀರೆಗೆ, ಹೆದರಿಕೆಗೆ ಬೆರಳು ಬಾಗುತ್ತದೆಂದು ಸರ್ಕಾರ ಒಂದು ಯಂತ್ರ ತಂದಿತ್ತು. ಕಾಗದದಲ್ಲಿ ಅದರ ಹೆಸರು ಒಲವುಮಾಪಕ. ಜನರ ಬಾಯಲ್ಲಿ ಎದೆತಕ್ಕಡಿ. ಹಣೆಗೊಂದು ಪಟ್ಟಿ, ಅಂಗೈಗೆ ತಾಮ್ರದ ಹಲಗೆ. ಎದುರಿನ ಗಾಜಿನ ಮೇಲೆ ಪಕ್ಷಗಳ ಗುರುತು, ಮುಖ, ಘೋಷಣೆಯ ದನಿ ರೆಪ್ಪೆ ಬಡಿಯುವಷ್ಟರಲ್ಲಿ ಬಂದು ಹೋಗುತ್ತವೆ. ಅವನ್ನು ಕಂಡಾಗ, ಬುದ್ಧಿ ಎಚ್ಚೆತ್ತು ಸರಿ ತಪ್ಪು ಹೇಳುವ ಮೊದಲೇ, ಒಳಗೆ ಏನೋ ಒಂದು ಬಾಗುತ್ತದಲ್ಲ, ಯಂತ್ರ ಅದನ್ನು ಅಳೆಯುತ್ತದೆ. ಒಬ್ಬರ ಒಂದು ಮತವನ್ನು ನೂರು ಕಾಳು ಮಾಡಿ, ಮನಸ್ಸು ಬಾಗಿದಷ್ಟು ಕಾಳನ್ನು ಆಯಾ ಪಕ್ಷಕ್ಕೆ ಹಾಕುತ್ತದೆ. ನಾಲಿಗೆಯನ್ನು ಅದು ಕೇಳುವುದಿಲ್ಲ.

ಜೊತೆಗೇ ಬಂದದ್ದು ಋಣದ ಕಾನೂನು. ಒಂದು ಊರಿನ ಕಾಳುಗಳಲ್ಲಿ ಕಾಲುಪಾಲು ಪಡೆದ ಪಕ್ಷ ಆ ಊರಿಗೆ ಋಣಿ. ಗೆದ್ದರೂ ಸೋತರೂ ಆ ಊರಿನ ಒಂದು ಬೇಡಿಕೆಯನ್ನು ಅದು ಕಾಯಬೇಕು. ಕಾಲುಪಾಲಿಗೆ ಒಂದು ಕಾಳು ಕಡಿಮೆಯಾದರೂ ಋಣವಿಲ್ಲ.

ತೋಳನಹಾಳಕ್ಕೆ ಇದ್ದದ್ದೂ ಒಂದೇ ಬೇಡಿಕೆ. ಊರ ಮೂಡಲಿಗೆ ಹಬ್ಬಿದ ಹುಲ್ಲಿನ ಕಾವಲನ್ನು ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳಿಗೆ ಕೊಡಬೇಕೆಂದು ರಾಜಧಾನಿಯಲ್ಲಿ ಮಾತಾಗಿತ್ತು. ಕಾವಲು ಹೋದರೆ ಕುರಿ ಹೋಯಿತು. ಕುರಿ ಹೋದರೆ ಕಂಬಳಿ, ಮಗ್ಗ, ಮದುವೆ, ದೇವರು ಎಲ್ಲವೂ ಒಂದರ ಹಿಂದೆ ಒಂದು ಹೋಗುತ್ತವೆ. ಕಳೆದ ಸಲ ಊರಿನ ಹೆಚ್ಚಿನ ಮನೆಗಳು ಬೀಸುಕಲ್ಲಿಗೇ ಒಲಿದಿದ್ದವು. ಬೀಸುಕಲ್ಲು ಸೋತಿತು. ಗೆದ್ದ ನೊಗಕ್ಕೆ ಋಣವಿರಲಿಲ್ಲ. ಅಳತೆಯ ಸರಪಳಿ ಕಾವಲಿಗೆ ಬಂತು. ಈ ಸಲ ಮೂರೂ ಪಕ್ಷಗಳನ್ನು ಋಣದಲ್ಲಿ ಕಟ್ಟಿಹಾಕಬೇಕು. ಆಗ ಯಾರು ಬಂದರೂ ಕಾವಲು ಉಳಿಯುತ್ತದೆ.

"ಅಲ್ಲೋ ಮಾಳಪ್ಪಾ, ಬಾಡಿನ ಪಾಲು ಬ್ಯಾರೆ, ಮನಸಿನ ಪಾಲು ಬ್ಯಾರೆ," ಎಂದ ಗಾದೆಪ್ಪ. ಹಾಲವ್ವನ ಪಕ್ಕದ ಮನೆಯವನು, ಹುಟ್ಟಿದಾಗಿನಿಂದ ನೊಗದ ಪಕ್ಷದವನು. "ನನ್ನ ಪಾಲಿಗೆ ಗಿಳಿ ಬಂತಂದ್ರ ಗಿಳಿ ಮ್ಯಾಲೆ ನನಗ ಪ್ರೀತಿ ಹುಟ್ಟಬೇಕಲ್ಲಪಾ. ಹೆಂಡ್ತಿ ಮ್ಯಾಲೇ ಹುಟ್ಟಾಕ ಹತ್ತು ವರ್ಷ ಹಿಡೀತು."

"ನನಗ ಇನ್ನೂ ಹುಟ್ಟಿಲ್ಲ," ಎಂದಳು ಅವನ ಹೆಂಡತಿ ಹಿಂದಿನಿಂದ. ಜನ ನಕ್ಕರು.

ಪೂಜಾರಿ ಮಾಳಪ್ಪ ನಗಲಿಲ್ಲ. "ಭಂಡಾರ ಮುಟ್ಟಿ ಮಾತು ಕೊಟ್ಟ ಮ್ಯಾಲೆ ಮನಸು ಬಾಗ್ತೈತಿ. ನಮ್ಮ ಹಿರೇರು ಕೊಟ್ಟ ಮಾತಿಗೆ ಮನಸು ಬಗ್ಗಿಸಿ ಬಾಳೇವು ಮಾಡ್ಯಾರ. ಆ ಯಂತ್ರಕ್ಕ ನಾವು ಸುಳ್ಳು ಹೇಳೂದು ಬ್ಯಾಡ. ಖರೇನ ಒಲಿಯೋಣ."

ಖರೇನೇ ಒಲಿಯುವುದು. ಬೇರೆ ಯಾವ ಊರಿಗೂ ಇಂಥ ಯೋಚನೆ ಬಂದಿರಲಾರದು.

ಊರಿನ ಎಲ್ಲ ಮನೆಗಳ ಉಣ್ಣೆ ಸೇರಿಸಿ ನೇಯ್ದ ಹೊಸ ಕಂಬಳಿಯನ್ನು ಹಾಸಿದರು. ಆ ಕಂಬಳಿಯನ್ನು ಬೆನ್ನು ತಿರುಗಿಸಿದವಳು ಮನೆಗೆ ಒಯ್ಯುತ್ತಾಳೆ; ಪಾಲು ಕೂಡಿಬಂದರೆ ಅದು ಅವಳದು, ಬಾರದಿದ್ದರೆ ಮರಳಿಸಬೇಕು. ಅದು ಹಿಂದಿನಿಂದ ಬಂದ ನಡಾವಳಿ. ಹಾಲವ್ವ ಅದರ ಮೇಲೆ ಕೂತು, ಗಾಳಿಗೆ ಮುಖ ಕೊಟ್ಟು ಕಣ್ಣು ಮುಚ್ಚಿದಳು.

"ಇದು ಯಾರಿಗೆ?"

"ಮುದ್ದವ್ವನ ಮನಿಗೆ."

"ಇದು ಯಾರಿಗೆ?"

"ಗಾದೆಪ್ಪನ ಮನಿಗೆ."

ಹಾಗೇ ಹೆಸರುಗಳು ನಡೆದವು. ಪ್ರತಿ ಹೆಸರಿಗೂ ಉಣ್ಣೆಯ ಒಂದೆಳೆ ಹೊಸೆದು, ದೇವರ ಅರಿಸಿನದ ಭಂಡಾರ ಹಚ್ಚಿ, ಆ ಮನೆಯವರ ಮುಂಗೈಗೆ ಕಟ್ಟುತ್ತಿದ್ದರು. ಕೊನೆಗೆ ಉಳಿದದ್ದು ಒಂದೇ ಹೆಸರು.

"ಇದು ಯಾರಿಗೆ?"

"ಹಾಲವ್ವನ ಮನಿಗೆ," ಎಂದಳು ಹಾಲವ್ವ.

ಅವಳು ತಿರುಗಿ ನೋಡಿದಳು. ಮಾಳಪ್ಪನ ಕೋಲು ಕರಿ ಉಣ್ಣೆಯ ಮೇಲಿತ್ತು. ನೊಗ. ಸರಪಳಿ ಎಳೆಯಬೇಡಿರೆಂದು ಕಾವಲಿನಲ್ಲಿ ಅಡ್ಡ ನಿಂತ ಅವಳ ಗಂಡನನ್ನು ಲಾಠಿಯಿಂದ ಹೊಡೆಸಿದ್ದು ನೊಗದ ಸರ್ಕಾರ. ಆ ಏಟಿನಿಂದ ಅವನು ಏಳಲೇ ಇಲ್ಲ.

"ಮತ್ತೊಮ್ಮಿ ಹಾಕೋಣೇನವಾ?" ಎಂದ ಮಾಳಪ್ಪ ಮೆಲ್ಲಗೆ.

"ಹಂಗಂದ್ರ ಉಳಿದವರ ಪಾಲೂ ಸುಳ್ಳಾಗ್ತೈತಿ," ಎಂದು ಹಾಲವ್ವ ಮುಂಗೈ ಚಾಚಿದಳು.

ಆ ಮೇಲಿನ ದಿನಗಳಲ್ಲಿ ತೋಳನಹಾಳದಲ್ಲಿ ನಡೆದದ್ದನ್ನು ನೋಡಿದ್ದರೆ ಬೇರೆಯೂರಿನವರು ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ಒಬ್ಬರ ಮನೆಗೊಬ್ಬರು ಹೋಗಿ ಒಂದು ಒಳ್ಳೆಯ ಮಾತು ಕೊಡಿರೆಂದು ಬೇಡಿದರು. ನೊಗಕ್ಕೆ ಬಿದ್ದವರು ನೊಗದ ಹಳೆಯ ಜನರನ್ನು ಕೇಳಬೇಕು, ಗಿಳಿಗೆ ಬಿದ್ದವರು ಗಿಳಿಯವರನ್ನು. ಬೆಂಕಿ ಇಲ್ಲದವರು ಇದ್ದವರ ಒಲೆಯಿಂದ ಕೆಂಡ ತಂದ ಹಾಗೆ.

ಹಾಲವ್ವ ಗಾದೆಪ್ಪನ ಕಟ್ಟೆಗೆ ಹೋಗಿ ಕೂತಳು. ಅವನ ಮುಂಗೈಯಲ್ಲಿ ಬಿಳಿ ಎಳೆ ಇತ್ತು, ಬೀಸುಕಲ್ಲು.

"ತಮ್ಮಾ, ನೊಗದ್ದು ಒಂದು ಚಲೋ ಮಾತು ಹೇಳು. ಎದಿಗೆ ಹತ್ತೂವಂಥಾದ್ದು."

"ಒಂದ್ಯಾಕಬೇ ಯಕ್ಕಾ, ನೂರು ಹೇಳ್ತೀನಿ ತಗೋ. ನೀರಿನ ಟಾಕಿ ಕಟ್ಟಿಸಿದ್ರು."

"ನೀರು ಬರೂದಿಲ್ಲಲ್ಲೋ."

"ಟಾಕಿ ಗಟ್ಟಿ ಐತಿ. ಗೂಗಿ ಸಂಸಾರ ಮಾಡಾಕತ್ತಾವ." ಅವನು ತಾನೇ ನಕ್ಕು, ಗಂಟಲು ಸರಿಮಾಡಿಕೊಂಡ. "ರಸ್ತಾ ಮಾಡಿದ್ರು ನೋಡು."

"ಎಲ್ಲಿಗೆ?"

"ಕಾವಲಿಗೆ..." ಎಂದವನು ನಿಂತ. ಆ ರಸ್ತೆ ಅಳತೆಯವರ ಜೀಪಿಗಾಗಿ ಆಗಿತ್ತು. ಅವನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಆದರೆ ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳುವಾಗ ಮಾತ್ರ ಮಾತಿನ ತೂಕ ತಿಳಿಯುತ್ತದೆ. "ತಡಿ, ನೆಪ್ಪು ಮಾಡ್ಕೊಂಡು ಹೇಳ್ತೀನಿ. ನಮ್ಮಪ್ಪ ಅವರ ಬಾವುಟ ಹಿಡದು ನಡದಾಂವ, ಸುಮ್ಮನ ನಡದಿರ್ತಾನೇನು?"

"ನಿಮ್ಮಪ್ಪ ಯಾಕ ನಡದಿದ್ದ?"

ಗಾದೆಪ್ಪ ಮುಂಗೈಯ ಬಿಳಿ ಎಳೆಯನ್ನು ಬೆರಳಿನಿಂದ ತಿರುಗಿಸಿದ. "ಅವರಪ್ಪ ನಡದಿದ್ದನಂತ," ಎಂದ.

ಹಾಲವ್ವನ ಸರದಿಯೂ ಬಂತು. ಬೀಸುಕಲ್ಲಿನದೊಂದು ಒಳ್ಳೆಯ ಮಾತು ಅವನಿಗೆ ಬೇಕಿತ್ತಲ್ಲ. ಅವಳು ಎಲ್ಲರಿಗೂ ಹೇಳುತ್ತ ಬಂದಿದ್ದ ಕಥೆಯನ್ನೇ ಹೇಳಿದಳು: ಬೀಸುಕಲ್ಲಿನ ದೊಡ್ಡ ಮುಖಂಡ ಒಮ್ಮೆ ಅವಳ ಮನೆಗೆ ಬಂದು, ಕಂಬಳಿಯ ಮೇಲೆ ಕೂತು, ಅವಳ ಕೈಯ ರೊಟ್ಟಿ ತಿಂದು ಹೋಗಿದ್ದ. ಒಂದು ಸಾಲದೆಂದು ಎರಡನೆಯ ರೊಟ್ಟಿಯನ್ನೂ ಕೇಳಿ ಹಾಕಿಸಿಕೊಂಡಿದ್ದ.

"ನಿನಗೇನಂದ?" ಎಂದು ಗಾದೆಪ್ಪ ಆಸೆಯಿಂದ ಕೇಳಿದ.

ಹಾಲವ್ವ ನೆನಪು ಮಾಡಿಕೊಂಡಳು. ಅವನು ಮಾತಾಡಿದ್ದು ಫೋಟೋ ತೆಗೆಯುವವನ ಸಂಗಡ. ರೊಟ್ಟಿ ಎರಡನೆಯ ಸಲ ಕೇಳಿದ್ದು ಮೊದಲನೆಯ ಸಲ ಫೋಟೋ ಸರಿ ಬರಲಿಲ್ಲವೆಂದು. ಇಷ್ಟು ವರ್ಷ ಈ ಕಥೆಯನ್ನು ಹೇಳಿದರೂ ಅವಳಿಗೆ ಅದು ಕಂಡಿರಲಿಲ್ಲ. ಅವನು ಅವಳ ಹೆಸರನ್ನೂ ಕೇಳಿರಲಿಲ್ಲ.

"ರೊಟ್ಟಿ ಚಲೋ ಐತಿ ಅಂದ," ಎಂದು ಸುಳ್ಳು ಹೇಳಿ ಎದ್ದಳು.

ತಾಲ್ಲೂಕು ಕಚೇರಿಯ ಹಿಂಭಾಗದಲ್ಲಿ ತಾಲೀಮು ಕೋಣೆ ಇತ್ತು. ಮತದಾನಕ್ಕೆ ಮೊದಲು ಯಾರು ಬೇಕಾದರೂ ಬಂದು ಯಂತ್ರಕ್ಕೆ ಕೂತು ತಮ್ಮ ಮನಸ್ಸಿನ ಪಾಲನ್ನು ನೋಡಿಕೊಂಡು ಹೋಗಬಹುದು. ಒಬ್ಬರದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಬಸ್ಸು ಹತ್ತಿ ಹಾಲವ್ವ ಒಬ್ಬಳೇ ಹೋದಳು.

ಕೋಣೆಯಲ್ಲಿ ಕಸ್ತೂರಿ ಎಂಬ ಹುಡುಗಿ ಯಂತ್ರ ನೋಡಿಕೊಳ್ಳುತ್ತಿದ್ದಳು. ತಣ್ಣನೆಯ ಗೋಡೆಗಳು, ಸಣ್ಣಗೆ ಗುಂಯ್‌ಗುಡುವ ಪೆಟ್ಟಿಗೆ. ಅವಳು ಹಾಲವ್ವನ ಹಣೆಯ ಭಂಡಾರವನ್ನು ಒದ್ದೆ ಹತ್ತಿಯಿಂದ ಒರೆಸಹೋಗಿ, ಕೈ ತಡೆದು ಕೇಳಿದಳು: "ಒರಸಲೇನವಾ? ಇದಿದ್ರ ಪಟ್ಟಿ ಹಿಡಿಯೂದಿಲ್ಲ."

"ಒರಸವಾ. ಬೀರಪ್ಪ ಒಳಗೂ ಅದಾನ."

ಗುರುತುಗಳು ಮಿಂಚಿ ಹೋದವು. ಆಮೇಲೆ ಗಾಜಿನ ಮೇಲೆ ನಾಲ್ಕು ನಳಿಗೆಗಳ ಚಿತ್ರ ಮೂಡಿತು. ಮೂರಕ್ಕೆ ಗುರುತಿತ್ತು, ನಾಲ್ಕನೆಯದಕ್ಕೆ ಏನೂ ಇರಲಿಲ್ಲ. ಕಾಳುಗಳು ಒಂದೊಂದಾಗಿ ಉದುರತೊಡಗಿದವು. ನೊಗದ ನಳಿಗೆಗೆ ಒಂದೂ ಬೀಳಲಿಲ್ಲ. ಅದು ಅವಳಿಗೆ ಮೊದಲೇ ಗೊತ್ತಿತ್ತು. ಬೀಸುಕಲ್ಲಿನದಕ್ಕೆ ತಳ ಮುಚ್ಚುವಷ್ಟು ಬಿದ್ದು ನಿಂತಿತು. ಉಳಿದವೆಲ್ಲ ಹೆಸರಿಲ್ಲದ ನಳಿಗೆಗೆ ಇಳಿದವು.

"ಇದು ಯಾರದವಾ?"

"ಯಾರದೂ ಅಲ್ಲ. ಎತ್ತಾಗೂ ಬಾಗದ ಕಾಳು ಅದರೊಳಗ ಬೀಳ್ತಾವ. ಬರಿದು ಅಂತೀವಿ. ಎಲ್ಲರಿಗೂ ನಾಕಾರು ಬೀಳ್ತಾವ, ಆದರ..." ಕಸ್ತೂರಿ ಮಾತು ಮುಗಿಸಲಿಲ್ಲ. ಬೇರೆಯವರ ವಿಷಯ ಹೇಳುವಂತಿರಲಿಲ್ಲ. "ನಿಮ್ಮ ಊರಾಗ ಏನು ನಡದೈತ್ರಿ?" ಎಂದಷ್ಟೇ ಕೇಳಿದಳು.

"ಒಲಿಯಾಕ ಕಲಿಯಾಕತ್ತೀವಿ."

"ಕಲಿಯೂದು ಬಿಡ್ರಿ," ಎಂದಳು ಕಸ್ತೂರಿ ಬಹಳ ಮೆಲ್ಲಗೆ. "ಈ ಯಂತ್ರ ಅಳೆಯೂದು ಯೋಚನಿ ಮಾಡದ ಒಲವು ಅಷ್ಟ. ತೆಗೆದು ತೆಗೆದು ನೋಡಿದ್ರ ಅದು ಇರೂದಿಲ್ಲ."

ಹಾಲವ್ವ ಬಸ್‌ಸ್ಟ್ಯಾಂಡಿಗೆ ಬಂದಾಗ ಎದುರಿನ ಬಸ್ಸಿನಿಂದ ಗಾದೆಪ್ಪ ಇಳಿಯುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕಂಡರು.

"ಕನ್ನಡಕ ರಿಪೇರಿ ಇತ್ತಬೇ ಯಕ್ಕಾ," ಎಂದ ಅವನು. ಅವನಿಗೆ ಕನ್ನಡಕವೇ ಇರಲಿಲ್ಲ.

"ನನ್ನದೂ ಏನೋ ಸಂತಿ ಇತ್ತಪಾ," ಎಂದಳು ಅವಳು. ಅಂದು ಸಂತೆಯ ದಿನವೂ ಅಲ್ಲ.

ಅಲ್ಲೇ ನಿಂತು ಒಂದು ಮಾತು ಆಡಿದ್ದರೆ ಕಾವಲು ಉಳಿಯುತ್ತಿತ್ತೋ ಏನೋ. ಆದರೆ ಮುಂಗೈಯಲ್ಲಿ ಆಣೆಯ ಎಳೆ ಇದ್ದವರು ತಮ್ಮೊಳಗೆ ಏನೂ ಇಲ್ಲವೆಂದು ಹೇಗೆ ಬಾಯಿಬಿಟ್ಟಾರು? ತನ್ನೊಬ್ಬಳದೇ ಹೀಗಾಗಿದೆ, ಊರಿನ ಉಳಿದವರು ಒಲಿದಿದ್ದಾರೆ, ತನ್ನ ನೂರು ಕಾಳು ಹೋದರೇನು, ಊರು ಕಾಯುತ್ತದೆ ಎಂದುಕೊಂಡಳು ಹಾಲವ್ವ. ಗಾದೆಪ್ಪನೂ ಹಾಗೆಯೇ ಎಂದುಕೊಂಡ.

ಮನೆಯಲ್ಲಿ ಸೊಸೆ ದುರುಗವ್ವ ರೊಟ್ಟಿ ಬಡಿಯುತ್ತಿದ್ದಳು. ಅತ್ತೆಯ ಮುಖ ನೋಡಿ ಕೈ ನಿಲ್ಲಿಸಿದಳು. "ಅತ್ತೀ, ಹೋಗಿದ್ದೇನು ಅಲ್ಲಿಗೆ? ಎಷ್ಟು ಬಿತ್ತು ನೊಗಕ್ಕ?"

"ಬೀಳ್ತೈತಿ. ಇನ್ನೂ ದಿನ ಐತಲ್ಲ."

"ಮಾವನ್ನ ಹೊಡದವರಿಗೆ ಒಲಿ ಅಂದ್ರ ಒಲಿಯಾಕ ಆಗ್ತೈತೇನು?" ಎಂದಳು ದುರುಗವ್ವ. ಅವಳ ಮುಂಗೈಯಲ್ಲೂ ಅದೇ ಕರಿ ಎಳೆ. "ನಾ ಪ್ರಯತ್ನಾ ಮಾಡಾಕತ್ತೀನಿ. ರೊಟ್ಟಿ ಬಡಿವಾಗ ನೊಗ ನೊಗ ಅಂತೀನಿ. ಎತ್ತು ಕಣ್ಣಿಗೆ ಬರ್ತಾವ, ಪಕ್ಷ ಬರೂದಿಲ್ಲ."

ಸಿದ್ಧಪ್ಪ ಹೊಸ್ತಿಲಲ್ಲಿ ಕೂತು ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ತಲೆಯೆತ್ತದೆಯೇ ಹೇಳಿದ: "ಅಪ್ಪ ಅವರನ್ನೂ ಬೈಲಿಲ್ಲವ್ವಾ. ಹೊಡೆಯೋ ಪೋಲೀಸನಿಗೆ, ಬಿಸಿಲಾಗ ನಿಂತೀಯಲ್ಲೋ ತಮ್ಮಾ, ಟೊಪ್ಪಿಗಿ ಹಾಕ್ಕೋ ಅಂದ."

ಹಾಲವ್ವ ಗುಡಿಗೆ ಹೋಗಿ ಕೂತಳು. ಮಳೆ ಕೇಳಿದ್ದಾಳೆ, ಮರಿ ಕೇಳಿದ್ದಾಳೆ, ಗಂಡನ ಪ್ರಾಣ ಕೇಳಿದ್ದಾಳೆ. ಇಂಥದ್ದನ್ನು ಎಂದೂ ಕೇಳಿರಲಿಲ್ಲ. "ಬೀರಪ್ಪಾ, ನನ್ನ ಕಣ್ಣಿನ ಮ್ಯಾಲೆ ಸ್ವಲ್ಪ ಪರದೆ ಎಳಿ. ಮೊದಲಿನಂಗ ಕಾಣದಂಗ ಮಾಡು." ಗಾಳಿ ಬೂದಿಯನ್ನು ಎಬ್ಬಿಸಿತು. ಕಂಡದ್ದನ್ನು ಕಾಣದಂತೆ ಮಾಡುವುದು ದೇವರಿಗೂ ಹಗುರದ ಕೆಲಸವಲ್ಲವೇನೋ.

ಮತದಾನದ ದಿನ ಯಂತ್ರಗಳು ಶಾಲೆಗೆ ಬಂದವು. ಕಸ್ತೂರಿಯೇ ಬಂದಿದ್ದಳು. ಜನ ಸ್ನಾನ ಮಾಡಿ, ಭಂಡಾರ ಹಚ್ಚಿಕೊಂಡು, ಎಳೆ ಕಟ್ಟಿದ ಕೈಯನ್ನು ಎದೆಗೆ ಹಿಡಿದು ಸಾಲಿನಲ್ಲಿ ನಿಂತರು. ಹರಟೆ ಇರಲಿಲ್ಲ. ಹಾಲವ್ವ ಪಟ್ಟಿ ಕಟ್ಟಿಸಿಕೊಂಡು, ತಾಮ್ರದ ಮೇಲೆ ಅಂಗೈ ಇಟ್ಟಳು. ನೊಗದ ಗುರುತು ಬಂದಾಗ ಗಂಡನ ಮಾತನ್ನು ನೆನೆದಳು. ಎದೆಯೇನೋ ಬಾಗಿತು, ಆದರೆ ಬಾಗಿದ್ದು ಬಿಸಿಲಲ್ಲಿ ನಿಂತ ಪೋಲೀಸನ ಕಡೆಗೆ. ಅವನ ಹೆಸರಿನ ನಳಿಗೆ ಆ ಯಂತ್ರದಲ್ಲಿ ಇರಲಿಲ್ಲ.

ಸಂಜೆ ಶಾಲೆಯ ಅಂಗಳದಲ್ಲಿ ಊರಿನ ಪಾಲನ್ನು ಗೋಡೆಯ ಮೇಲೆ ತೋರಿಸಬೇಕು, ಅದು ಕಾನೂನು. ಮೂರೂ ಪಕ್ಷಗಳ ಏಜೆಂಟರು ಕುರ್ಚಿಯಲ್ಲಿ ಕೂತಿದ್ದರು. ನೊಗ ಬಂತು: ಕಾಲುಪಾಲಿನ ಗೆರೆ ಎಲ್ಲೋ ಮೇಲೆ, ಕಾಳು ತಳದಲ್ಲಿ. ಬೀಸುಕಲ್ಲು ಬಂತು: ಅಷ್ಟೇ. ಗಿಳಿಯೂ ಅಷ್ಟೇ. ಆಮೇಲೆ ಹೆಸರಿಲ್ಲದ ನಳಿಗೆ ತುಂಬುತ್ತ ಹೋಯಿತು. ಗೋಡೆಯ ಮೇಲಿನ ಆ ಬೆಳಕು ಎದುರಿಗೆ ಕೂತವರ ಮುಖಗಳ ಮೇಲೆಲ್ಲ ಬಿತ್ತು.

ಯಾರೂ ಅಳಲಿಲ್ಲ. ಒಬ್ಬರು ಇನ್ನೊಬ್ಬರ ಕಡೆಗೆ ತಿರುಗಿ ನೋಡಿದರು. ನೀನೂ ಏನು? ನೀನೂ? ಎಂಬ ಹಾಗೆ. ಹಾಲವ್ವ ಗಾದೆಪ್ಪನನ್ನು ನೋಡಿದಳು. ಅವನು ಮುಂಗೈಯ ಎಳೆಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದ.

"ಏನಾದ್ರೂ ಅನ್ರಿ," ಎಂದ ಅವನು ಕೊನೆಗೆ. "ಪಾಲು ಮಾತ್ರ ಸಮ ಹಾಕೀವಿ. ಮೂವರಿಗೂ ಏನೂ ಇಲ್ಲ."

ಈ ಸಲ ಅವನ ಹೆಂಡತಿಯೂ ಮರುಮಾತಾಡಲಿಲ್ಲ. ಏಜೆಂಟರು ಎದ್ದು, ಪಂಚೆಯ ಧೂಳು ಕೊಡವಿ, ಒಬ್ಬರಿಗೊಬ್ಬರು ಬೀಡಿಗೆ ಬೆಂಕಿ ಕೊಟ್ಟುಕೊಂಡು ಗೇಟು ದಾಟಿದರು. ಮೂವರಿಗೂ ಋಣ ಹರಿದಿತ್ತು.

ಕಸ್ತೂರಿ ಪೆಟ್ಟಿಗೆ ಮುಚ್ಚುತ್ತಿದ್ದಳು. ಹಾಲವ್ವ ಹತ್ತಿರ ಹೋಗಿ ಕೇಳಿದಳು: "ಯಂತ್ರ ಏನಾದ್ರೂ ತಪ್ಪಿತೇನವಾ?"

"ಎರಡು ಸಲ ನೋಡಿದ್ನಿ ಯವ್ವಾ. ತಪ್ಪಿದ್ರ ಚಲೋ ಇತ್ತು."

ಗೆದ್ದದ್ದು ಗಿಳಿ. ಯಾರು ಗೆದ್ದಿದ್ದರೂ ಆಗುವುದೇ ಆಯಿತು. ಕಾವಲಿನ ಸುತ್ತ ಕಬ್ಬಿಣದ ಕಂಬ ನಿಂತವು, ತಂತಿ ಬಂತು. ಕುರಿಗಳಿಗೆ ತಂತಿಯ ಅರ್ಥ ತಿಳಿಯಲಿಲ್ಲ. ಬೆಳಿಗ್ಗೆ ಕೊಟ್ಟಿಗೆ ಬಿಟ್ಟ ಕೂಡಲೇ ಹಳೆಯ ದಾರಿಯಲ್ಲೇ ಹೋಗಿ, ತಂತಿಗೆ ಎದೆ ಹಚ್ಚಿ ನಿಂತು, ಒಳಗಿನ ಹುಲ್ಲನ್ನು ನೋಡುತ್ತಿದ್ದವು. ಸಿದ್ಧಪ್ಪ ಮೊದಲ ಕೆಲವು ದಿನ ಅವನ್ನು ತಿರುಗಿಸಿದ. ಆಮೇಲೆ ಅವನೂ ಅವುಗಳ ಜೊತೆ ನಿಂತ. ಒಂದು ದಿನ ಬೆಳಿಗ್ಗೆ ಕಟುಕರ ಲಾರಿ ಬಂತು. ಹಿಂಡು ಹತ್ತಿಸುವಾಗ ದುರುಗವ್ವ ಮನೆಯೊಳಗೆ ಬೀಸುವ ಕಲ್ಲಿನ ಮುಂದೆ ಕೂತು, ಕಾಳು ಹಾಕದೆ ಸುಮ್ಮನೆ ಕಲ್ಲು ತಿರುಗಿಸುತ್ತಿದ್ದಳು, ಅರಚುವುದು ಕೇಳದಿರಲೆಂದು.

ಊರಿನಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಬೈಯುವುದಕ್ಕೂ ಒಂದು ಪಕ್ಷ ಬೇಕು.

ಲಾರಿ ಹೋದ ಮರುದಿನ ಹಾಲವ್ವ ಪೆಟ್ಟಿಗೆ ತೆರೆದಳು. ಎಲ್ಲ ಮನೆಗಳ ಉಣ್ಣೆಯಿಂದ ನೇಯ್ದ ಕಂಬಳಿಯನ್ನು ಅವಳು ಒಮ್ಮೆಯೂ ಹೊದ್ದಿರಲಿಲ್ಲ. ಆ ಮೂಡಗಾಳಿಯ ಚಳಿಯಲ್ಲೂ ಹಳೆಯದನ್ನೇ ಹೊದ್ದಿದ್ದಳು. ಬಿಚ್ಚಿ ಬಿಸಿಲಿಗೆ ಹಿಡಿದಳು. ನೇಯ್ಗೆಯ ನಡುವೆ ಕಾವಲಿನ ಹುಲ್ಲಿನ ಒಂದು ಮುಳ್ಳುಬೀಜ ಸಿಕ್ಕಿಕೊಂಡಿತ್ತು. ತೆಗೆಯಹೋದವಳು ತೆಗೆಯಲಿಲ್ಲ. ಮೂಲೆಗೆ ಮೂಲೆ ಕೂಡಿಸಿ ಮಡಿಸಿ, ಮುಂಗೈಯ ಕರಿ ಎಳೆಯನ್ನು ಬಿಚ್ಚಿ ಅದರ ಮೇಲಿಟ್ಟು, ಗುಡಿಗೆ ನಡೆದಳು.

ಮಾಳಪ್ಪ ದೇವರ ಮುಂದೆ ಕಸ ಗುಡಿಸುತ್ತಿದ್ದ. ಅವಳ ಕೈಯಲ್ಲಿದ್ದದ್ದನ್ನು ಕಂಡು ಪೊರಕೆ ಬದಿಗಿಟ್ಟ.

"ಬ್ಯಾಡವಾ. ತಪ್ಪು ನಿಂದಲ್ಲ. ನೀ ಬರೇ ಹೆಸರು ಹೇಳಿದಿ."

"ಪಾಲು ಕೂಡಿ ಬರಲಿಲ್ಲಲ್ಲೋ ಮಾಳಪ್ಪಾ."

ಅವನು ಕಂಬಳಿಯನ್ನೇ ನೋಡುತ್ತ ನಿಂತ. ಯಾವ ಮನೆಗೆ ಅದನ್ನು ಕೊಡುವುದು, ಯಾರ ಹೆಗಲಿಗೆ ಹಾಕುವುದು? ಇಷ್ಟು ವರ್ಷದ ರೂಢಿಯಿಂದ ಅವನ ಬಾಯಿ ತಾನಾಗಿಯೇ ಕೇಳಿತು: "ಇದು ಯಾರಿಗೆ?"

ಹಾಲವ್ವನೂ ರೂಢಿಯಂತೆ ಮುಖ ತಿರುಗಿಸಿ ಕಣ್ಣು ಮುಚ್ಚಿದಳು. ಹೆಸರು ಬರುವ ಜಾಗದಲ್ಲಿ ಹುಡುಕಿದಳು. ಒಂದೂ ಬರಲಿಲ್ಲ. ಕಣ್ಣು ತೆರೆದು, ಕಂಬಳಿಯನ್ನು ಎರಡೂ ಕೈಯಿಂದ ಅವನ ಕೈಗಿಟ್ಟಳು.